ಹಸಿರಾಗದ ಕಾಗದ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ತೊಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಬಣ್ಣ ಹಾಕಿ ತೊಳೆದ ಕೊಳೆನೀರು ಹಿಂದಿನ ಅಂಗಳದ ಮೂರು ತೊಟ್ಟಿಗಳಿಗೆ ಬಂದು ಬೀಳುತ್ತಿತ್ತು. ಅದನ್ನು ಹದಕ್ಕೆ ತಂದು ಹೊಳೆಗೆ ಬಿಡುವುದು ಅವನ ಕೆಲಸ. ನೀರು ಹುಳಿಯಾಗಿದ್ದರೆ ಸುಣ್ಣ, ಕ್ಷಾರ ಹೆಚ್ಚಿದ್ದರೆ ಆಮ್ಲ. ಜೇಬಿನಲ್ಲಿ ಸದಾ ಒಂದು ಕಾಗದದ ಸುರುಳಿ. ಒಂದು ತುಂಡು ಹರಿದು ನೀರಿಗೆ ಅದ್ದಿದಾಗ ಕಿತ್ತಳೆ ಬಣ್ಣ ಬಂದರೆ ಹುಳಿ, ನೀಲಿ ಬಂದರೆ ಕ್ಷಾರ, ಹಸಿರು ಬಂದರೆ ಸುರುಳಿಯ ಅಳತೆಪಟ್ಟಿಯಲ್ಲಿ ಸರಿಯಾಗಿ ಏಳು, ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಏಳು ಬಂದರಷ್ಟೇ ಹೊಳೆಯ ಕಡೆಯ ಗೇಟು ತೆರೆಯಬೇಕು. ಮ್ಯಾನೇಜರು ಎಗರಾಡಿದರೂ ಅವನು ಜಗ್ಗುತ್ತಿರಲಿಲ್ಲ. "ಕಾಗದ ಹೇಳ್ಬೇಕು ಸಾರ್, ನಾನಲ್ಲ" ಎನ್ನುತ್ತಿದ್ದ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಅಳಿಯನನ್ನೂ ಕಾಗದ ಅದ್ದಿ ನೋಡಿಯೇ ಒಪ್ಪಿದ್ದು ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು.

ಅವನಿಗೊಬ್ಬಳು ತಂಗಿ. ಶಾಲೆಯ ಯೂನಿಫಾರ್ಮ್ ಹೊಲಿದು ಬದುಕುವವಳು, ಬಾಯಿ ತೆರೆದರೆ ಮುಚ್ಚದವಳು. ಯಾರಿಗೂ ತಿಳಿಯದಂತೆ ಏರಿದ ಬಿ.ಪಿ. ಅವಳ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ಈಗ ನೂರರಲ್ಲಿ ಹನ್ನೊಂದು ಪಾಲು ಮಾತ್ರ ಕೆಲಸ ಮಾಡುತ್ತಿದೆ, ಅದೂ ನಿಂತರೆ ಡಯಾಲಿಸಿಸ್ ಯಂತ್ರವೇ ಗತಿ, ಅದಕ್ಕೆ ಮೊದಲೇ ಯಾರಾದರೂ ಒಂದು ಕೊಟ್ಟರೆ ಒಳ್ಳೆಯದು ಎಂದು ಡಾಕ್ಟರಮ್ಮ ಹೇಳಿದ್ದರು. ತೊಟ್ಟಿಯಣ್ಣ ಹಿಂದೆಮುಂದೆ ನೋಡದೆ, "ನಂದು ತಗೊಳ್ಳಿ" ಎಂದಿದ್ದ. ರಕ್ತದ ಗುಂಪೂ ಹೊಂದಿತ್ತು. ಉಳಿದದ್ದು ಕೊನೆಯ ಪರೀಕ್ಷೆಗಳು.

ಅವನನ್ನು ಹೆಚ್ಚು ಹೆದರಿಸುತ್ತಿದ್ದುದು ತಂಗಿಯ ಉಸಿರು. ನಾಲ್ಕು ಮಾತಾಡುವಷ್ಟರಲ್ಲಿ ನಿಲ್ಲಿಸಿ, ಮೆಟ್ಟಿಲು ಹತ್ತಿ ಬಂದವಳಂತೆ ಆಳವಾಗಿ ಉಸಿರೆಳೆಯುತ್ತಿದ್ದಳು. "ಅಣ್ಣ, ಆ ದಾರದುಂಡೆ ಸ್ವಲ್ಪ... ಈ ಕಡೆ ಕೊಡು, ಅದಲ್ಲ... ಬಿಳಿದು." ಒಂದು ಉಸಿರಿಗೆ ಎಷ್ಟು ಮಾತು ಬಂತೆಂದು ಅವನು ಪ್ರತಿ ಸಲವೂ ಮನಸ್ಸಿನಲ್ಲೇ ಎಣಿಸುತ್ತಿದ್ದ. ಹೋದ ತಿಂಗಳು ಆರಿತ್ತು, ಈಗ ನಾಲ್ಕು. ರಕ್ತ ಹುಳಿಯಾಗಿದೆ ಎಂದು ಅವಳಿಗೆ ದಿನಕ್ಕೆ ಆರು ಸೋಡಾ ಮಾತ್ರೆ ಬರೆದುಕೊಟ್ಟಿದ್ದರು. ಆ ಮಾತು ಮಾತ್ರ ತೊಟ್ಟಿಯಣ್ಣನಿಗೆ ಚೆನ್ನಾಗಿ ಅರ್ಥವಾಗಿತ್ತು. ಅವನಿಗೆ ಅರ್ಥವಾದದ್ದೇ ಮುಂದಿನ ಅನಾಹುತಕ್ಕೆಲ್ಲ ಕಾರಣ.

ಆಸ್ಪತ್ರೆಯವರು ಅವನ ಕೈಗೆ ಒಂದು ದೊಡ್ಡ ಕ್ಯಾನು ಕೊಟ್ಟರು. ಪರೀಕ್ಷೆಯ ಹಿಂದಿನ ದಿನ ಪೂರ್ತಿ ಅವನು ಹೊಯ್ದ ಮೂತ್ರವನ್ನೆಲ್ಲ ಅದರಲ್ಲಿ ಹಿಡಿದು ತರಬೇಕು. ಪರೀಕ್ಷೆಗೆ ಇನ್ನೂ ಹತ್ತು ದಿನ ಇತ್ತು. ಬೇರೆ ಯಾರಾದರೂ ಆಗಿದ್ದರೆ ಕ್ಯಾನನ್ನು ಮೂಲೆಗಿಟ್ಟು ಮರೆಯುತ್ತಿದ್ದರು. ಇವನು ಮರುದಿನ ಬೆಳಿಗ್ಗೆಯೇ ಬಚ್ಚಲ ಬಾಗಿಲು ಹಾಕಿಕೊಂಡು, ಹಳೆಯ ಲೋಟವೊಂದರಲ್ಲಿ ಹಿಡಿದು, ಜೇಬಿನ ಕಾಗದ ಅದ್ದಿದ.

ಕಿತ್ತಳೆ. ಐದು.

ಮತ್ತೊಂದು ತುಂಡು ಅದ್ದಿದ. ಅದೂ ಕಿತ್ತಳೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇಪ್ಪತ್ತಾರು ವರ್ಷ ಬಣ್ಣದ ನೀರಿನ ಹಬೆ ಕುಡಿದು ತನ್ನ ಮೂತ್ರಪಿಂಡಗಳೂ ಹಾಳಾಗಿವೆ ಎಂದು ಅವನು ಆ ಕ್ಷಣವೇ ತೀರ್ಮಾನಿಸಿಬಿಟ್ಟ. ಐದು ಎಂದರೆ ಗೇಟು ತೆರೆಯಬಾರದ ನೀರು. ಡಾಕ್ಟರಮ್ಮ ನೋಡಿದರೆ ಆಗಲ್ಲ ಎನ್ನುತ್ತಾರೆ. ಆಗ ತಂಗಿಗೆ ಕೊಡುವವರು ಯಾರು? ಅವಳ ಗಂಡನ ರಕ್ತ ಹೊಂದುವುದಿಲ್ಲ, ಮಗಳು ಇನ್ನೂ ಶಾಲೆಯಲ್ಲಿ.

ಒಂದು ಕೆಲಸ ಚೆನ್ನಾಗಿ ಕಲಿತವನ ಪಾಡೇ ಇಷ್ಟು: ಜಗತ್ತೆಲ್ಲ ಅದೇ ಕೆಲಸದಂತೆ ಕಾಣುತ್ತದೆ. ಹುಳಿ ಹೆಚ್ಚಾದರೆ ಸುಣ್ಣ, ಆದರೆ ಸುಣ್ಣ ಕುಡಿಯಲಾಗದು. ತಂಗಿಗೆ ಕೊಟ್ಟದ್ದು ಸೋಡಾ ತಾನೆ? ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿ ತುಂಬ ಅಡುಗೆಸೋಡಾ ಇತ್ತು. ಒಂದು ಚಮಚ ನೀರಿಗೆ ಕದಡಿ, ಮೂಗು ಹಿಡಿದು ಕುಡಿದ. ದಿನಕ್ಕೆ ನಾಲ್ಕು ಸಲ. ಹೊಟ್ಟೆ ಉಬ್ಬರಿಸಿತು, ತೇಗಿನ ಮೇಲೆ ತೇಗು ಬಂತು, ನಿದ್ದೆ ಹಾರಿಹೋಯಿತು. ಹೆಂಡತಿ, "ಏನ್ರೀ ಇದು, ಊಟ ಮಾಡೋಕ್ಮುಂಚೇನೇ ತೇಗ್ತೀರಲ್ಲ?" ಎಂದರೆ, ಗ್ಯಾಸು ಎಂದು ಮುಖ ತಿರುಗಿಸಿದ. ಮೂರನೆಯ ದಿನ ಕಾಗದ ಹಳದಿಯಾಯಿತು. ಐದನೆಯ ದಿನ ಹಸಿರು. ಬಚ್ಚಲಲ್ಲಿ ನಿಂತೇ ಅವನು ಕಣ್ಣೊರೆಸಿಕೊಂಡ. ಆದರೂ ಭಯ ಬಿಡಲಿಲ್ಲ. ಇರಲಿ ಎಂದು ಇನ್ನೊಂದು ಚಮಚ ಕೂಡಿಸಿದ.

ಪರೀಕ್ಷೆಯಾದ ಮೂರನೆಯ ದಿನ ಡಾಕ್ಟರಮ್ಮ ಅವನನ್ನು, ಹೆಂಡತಿಯನ್ನು, ತಂಗಿಯನ್ನು ಒಟ್ಟಿಗೇ ಕೂರಿಸಿದರು. ವರದಿಯ ಹಾಳೆಗಳನ್ನು ಹಿಂದೆಮುಂದೆ ತಿರುವಿದರು.

"ನೋಡಿ, ನನಗೆ ಇದು ಸರಿ ಕಾಣ್ತಿಲ್ಲ. ಹೋದ ಸಲ ನಿಮ್ಮ ಬಿ.ಪಿ. ಚೆನ್ನಾಗಿತ್ತು, ಈಗ ನೂರಾ ಐವತ್ತೆಂಟು. ರಕ್ತದಲ್ಲಿ ಕ್ಷಾರ ಏರಿದೆ. ಮೂತ್ರ ಎಂಟಕ್ಕೆ ಬಂದಿದೆ. ಹುಳಿನೇ ಹೊರಗೆ ಹೋಗ್ತಿಲ್ಲ. ಹೀಗೇ ಇದ್ರೆ ನಿಮ್ಮ ಕಿಡ್ನಿ ತೆಗೆಯೋಕಾಗಲ್ಲ."

ತಂಗಿಯ ಏದುಸಿರು ಇನ್ನೂ ಜೋರಾಯಿತು.

"ಏನಾದ್ರೂ ಔಷಧಿ ತಗೊಳ್ತಿದ್ದೀರಾ?" ಎಂದು ಡಾಕ್ಟರಮ್ಮ ಅವನನ್ನು ಕೇಳಿದರು.

"ಇಲ್ಲ ಇಲ್ಲ, ನಾನು ಅಡುಗೆಮನೆ ಕಡೆ ಹೋಗೇ ಇಲ್ಲ" ಎಂದ ತೊಟ್ಟಿಯಣ್ಣ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅಡುಗೆಮನೆಯ ಸುದ್ದಿ ಯಾರೂ ಎತ್ತಿರಲಿಲ್ಲ.

ಹೆಂಡತಿ ನಿಧಾನವಾಗಿ ಅವನ ಕಡೆ ತಿರುಗಿದಳು. "ಸೋಡಾ ಡಬ್ಬಿ ಖಾಲಿಯಾಗಿದ್ದು ಹೇಗೆ ಅಂತ ವಾರದಿಂದ ತಲೆ ಕೆಡಿಸ್ಕೊಂಡಿದ್ದೀನಿ. ನೀವೇನಾ?"

ಅವನು ಎಲ್ಲವನ್ನೂ ಹೇಳಿದ. ಲೋಟ, ಕಾಗದ, ಕಿತ್ತಳೆ, ಐದು. "ಹುಳಿ ನೀರು ಬಿಡೋ ಕಿಡ್ನಿನ ತಂಗಿಗೆ ಹೇಗೆ ಕೊಡ್ಲಿ ಮೇಡಂ? ಅದಕ್ಕೇ ಸರಿ ಮಾಡೋಣ ಅಂತ..."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯೋ ಮಾರಾಯ್ರೆ, ಐದು ಬಂದಿದ್ದಕ್ಕೆ ಖುಷಿಪಡ್ಬೇಕಿತ್ತು! ನಾವು ತಿಂದಿದ್ದೆಲ್ಲ ಮೈಯೊಳಗೆ ಉರಿದು ದಿನಾ ಹುಳಿ ಹುಟ್ಟುತ್ತೆ. ರಕ್ತ ಮಾತ್ರ ಏಳೂವರೆಗಿಂತ ಒಂಚೂರು ಕೆಳಗೆ, ಒಂದೇ ಹದದಲ್ಲಿ ನಿಂತಿರ್ಬೇಕು. ಅದಕ್ಕೆ ಕಿಡ್ನಿ ಹುಳಿನ ಹೆಕ್ಕಿ ಮೂತ್ರಕ್ಕೆ ಹಾಕುತ್ತೆ, ಸೋಸಿಬಂದ ಕ್ಷಾರನ ಪೋಲು ಮಾಡದೆ ರಕ್ತಕ್ಕೆ ವಾಪಸ್ ಕೊಡುತ್ತೆ. ನಿಮ್ಮ ತೊಟ್ಟೀಲಿ ನೀವು ಕಾಯೋದು ಹೊರಗಿನ ಹೊಳೆನ. ಕಿಡ್ನಿ ಕಾಯೋದು ಒಳಗಿನ ಹೊಳೆನ. ಹೊರಗೆ ಹೋಗೋದು ಹುಳಿಯಾಗಿದ್ರೇನೇ ಒಳಗೆ ಸರಿಯಾಗಿರೋದು."

"ಮತ್ತೆ ಇವಳಿಗೆ ಸೋಡಾ ಮಾತ್ರೆ?"

"ಇವ್ರ ಕಿಡ್ನಿಗೆ ಅಷ್ಟೂ ಹುಳಿ ಎತ್ತಿಹಾಕೋ ಶಕ್ತಿ ಇಲ್ಲ, ಅದಕ್ಕೆ. ಮಿಕ್ಕಿದ್ದನ್ನ ಉಸಿರೇ ಹೊರಬೇಕು. ಹೀಗೆ ಏದುಸಿರು ಬಿಡ್ತಾರಲ್ಲ, ಅದು ಶ್ವಾಸಕೋಶ ಕಿಡ್ನಿಯ ಕೆಲಸಕ್ಕೆ ಹೆಗಲು ಕೊಡ್ತಿರೋದು. ನಿಮ್ಮ ರಕ್ತದಲ್ಲಿ ಹುಳಿ ಇರ್ಲಿಲ್ಲ. ನೀವಾಗಿ ಸೋಡಾ ಸುರಿದ್ರಿ. ಪಾಪ, ಕಿಡ್ನಿ ಅದನ್ನ ಎತ್ತಿ ಹೊರಗೆ ಹಾಕ್ತಾ ಕೂತಿದೆ."

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಿ" ಎಂದಳು ಹೆಂಡತಿ. ಆದರೆ ಅವಳ ಕಣ್ಣು ತುಂಬಿತ್ತು.

ಬಿ.ಪಿ. ಏರಿದ್ದು ಸೋಡಾದ ಸೋಡಿಯಂನಿಂದಲೋ ಭಯದಿಂದಲೋ ಎಂದು ಡಾಕ್ಟರಮ್ಮನಿಗೂ ಹೇಳಲಾಗಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಎಲ್ಲ ಪರೀಕ್ಷೆ. ಆಗಲೂ ಇಳಿಯದಿದ್ದರೆ ಬೇರೆ ದಾರಿ ಹುಡುಕಬೇಕು ಎಂದರು. ಕಾರಿಡಾರಿನಲ್ಲಿ ತೊಟ್ಟಿಯಣ್ಣ ತಂಗಿಯ ಮುಖ ನೋಡಲಾರದೆ ನೆಲ ನೋಡಿದ. ಅವಳು ಅವನ ತೋಳು ಹಿಡಿದು, "ಬೈಬೇಕು ಅಂತಿದೆ ಅಣ್ಣ, ಉಸಿರು... ಸಾಲ್ತಿಲ್ಲ, ಆಮೇಲೆ ಬೈತೀನಿ" ಎಂದಳು.

ಆ ಎರಡು ವಾರ ಅವನು ಸತ್ತು ಬದುಕಿದ. ಕಾಗದದ ಸುರುಳಿಯನ್ನು ಕಾರ್ಖಾನೆಯ ಕಪಾಟಿನಲ್ಲೇ ಬೀಗ ಹಾಕಿಟ್ಟು ಮನೆಗೆ ಬರುತ್ತಿದ್ದ. ಆದರೂ ಬೆಳಿಗ್ಗೆ ಬಚ್ಚಲಲ್ಲಿ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಸಂಜೆ ತಂಗಿಯ ಮನೆಗೆ ಹೋಗಿ ಕೂತು ಮಾತು ಎಣಿಸುತ್ತಿದ್ದ. ನಾಲ್ಕು. ನಾಲ್ಕು. ಒಂದು ದಿನ ಮೂರು. ಅಂದು ಅವನಿಗೆ ಊಟ ಸೇರಲಿಲ್ಲ.

ಹದಿನೈದನೆಯ ದಿನ ತೋಳಿನ ಪಟ್ಟಿ ಬಿಗಿಯಾಗಿ, ಸಡಿಲಾಗಿ, ಬಿ.ಪಿ. ನೂರಾ ಇಪ್ಪತ್ತಾರಕ್ಕೆ ನಿಂತಿತು. ನರ್ಸಮ್ಮ ಮೂರು ಸಲ ನೋಡಿ ಮೂರು ಸಲವೂ ಅದನ್ನೇ ಬರೆದುಕೊಂಡಳು. ಸಂಜೆ ಫೋನು ಬಂತು. "ಮೂತ್ರ ಐದೂವರೆ. ಉಳಿದಿದ್ದೂ ಸರಿಯಾಗಿದೆ. ತಾರೀಖು ಹಾಕ್ತಿದ್ದೀವಿ" ಎಂದರು ಡಾಕ್ಟರಮ್ಮ.

ಆಪರೇಷನ್ನಿನ ಬಗ್ಗೆ ಅವನಿಗೆ ಹೆಚ್ಚು ನೆನಪಿಲ್ಲ. ಪಕ್ಕೆಯ ನೋವು, ಒಣಗಿದ ನಾಲಿಗೆ, ತಂಗಿ ಹೇಗಿದ್ದಾಳೆ ಎಂದು ಕಂಡಕಂಡವರನ್ನೆಲ್ಲ ಕೇಳಿ ಬೈಸಿಕೊಂಡದ್ದು, ಅಷ್ಟೆ. ಅವನು ಮೊದಲು ಮನೆಗೆ ಬಂದ. ಸೋಂಕು ತಗಲೀತೆಂದು ಅವಳನ್ನು ನೋಡಲು ಮೂರು ವಾರ ಯಾರನ್ನೂ ಬಿಡಲಿಲ್ಲ. ಚೆನ್ನಾಗಿದ್ದಾಳೆ ಎಂದು ಎಲ್ಲರೂ ಹೇಳಿದರು. ಎಲ್ಲರೂ ಹಾಗೆ ಹೇಳಿದ್ದರಿಂದಲೇ ಅವನಿಗೆ ಅನುಮಾನ.

ನಾಲ್ಕನೆಯ ವಾರ ಬಾಗಿಲಾಚೆಯಿಂದ ನೋಡಬಹುದು ಎಂದರು. ಮುಖಗವಸು ಹಾಕಿಕೊಂಡು ಹೋಗಿ ನಿಂತ. ತಂಗಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಅವನನ್ನು ಕಂಡದ್ದೇ ತಡ, ಸೊಂಟಕ್ಕೆ ಕೈಯಿಟ್ಟು ಎದ್ದಳು.

"ಬಂದ್ಯಾ ಮಹಾರಾಯ, ಡಬ್ಬಿಗಟ್ಟಲೆ ಸೋಡಾ ಕುಡಿಯೋಕ್ಮುಂಚೆ ಒಂದು ಮಾತು ಡಾಕ್ಟರಮ್ಮನ್ನ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಜಗತ್ತೇ ನಿನ್ನ ತೊಟ್ಟಿ ಅಂದ್ಕೊಂಡಿದ್ದೀಯಾ, ಅತ್ತಿಗೆ ಆ ದಿನ ನನ್ನ ಕೈ ಹಿಡ್ಕೊಂಡು ಎಷ್ಟು ಅತ್ಲು ಗೊತ್ತಾ ನಿಂಗೆ?"

ತೊಟ್ಟಿಯಣ್ಣ ಬಾಗಿಲ ಚೌಕಟ್ಟು ಹಿಡಿದು ಅತ್ತುಬಿಟ್ಟ.

"ಅಯ್ಯೋ, ಇಷ್ಟಕ್ಕೇ ಅಳ್ತೀಯಾ? ತಮಾಷೆಗೆ ಬೈದೆ ಅಣ್ಣ."

"ಬೈ ಕಣೆ, ಇನ್ನೂ ಬೈ. ಎಲ್ಲೂ ನಿಲ್ಲಿಸ್ಲೇ ಇಲ್ವಲ್ಲೇ ನೀನು, ನಂಗೆ ಎಣಿಸೋಕೇ ಆಗ್ಲಿಲ್ಲ" ಎಂದ.