ಜಾನಬಿಯ ‘ಯಾಕ’ಕ್ಕೆ ನಿಲ್ಲುವ ಗಣಿತ

“ತಿಳೀಲಾರದ್ದು ತಿಳದದ ಅಂತ ಎಂದೂ ಬರಿಯಂಗಿಲ್ರಿ ಸರ.” ಇಪ್ಪತ್ತೆರಡು ವರ್ಷದ ಹಿಂದೆ, ಬಾಯಿಪಾಠ ಮಾಡಿದ ಉತ್ತರ ಬರೆದು ಸಿಕ್ಕಿಬಿದ್ದ ದಿನ, ಬಸವೇಶ್ವರಿ ತಮ್ಮ ಗಣಿತದ ಮಾಸ್ತರ ನರಸಿಂಹ ಅವರಿಗೆ ಕೊಟ್ಟ ಮಾತಿದು.

ಈಗ ಅವರು ವಾಡಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೆಳಗಿನ ಐದೂವರೆಗೆ ಶಹಾಬಾದಿನ ಮನೆಯ ಕಟ್ಟೆಯ ಮೇಲೆ ಕಾಗದ ಹರಡಿಕೊಳ್ಳುತ್ತಾರೆ. ಎದುರಿಗೆ ಚಹಾ ಹಿಡಿದು ಕೂಡುವವರು ನೆರೆಮನೆಯ ಜಾನಬಿ; ಬಸವೇಶ್ವರಿಗೆ ಅವರು ‘ಖಾಲಾ’, ಅಂದರೆ ಚಿಕ್ಕಮ್ಮ. ಮೂವತ್ತು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡಿದವರು.

ಕಂಪ್ಯೂಟರ್ ಪರೀಕ್ಷಿಸಿ ‘ಸರಿ’ ಎಂದ ಗಣಿತದ ರುಜುವಾತುಗಳನ್ನು ಸಂಶೋಧನಾ ಸಂಸ್ಥೆಯೊಂದು ಬಸವೇಶ್ವರಿಗೆ ಕಳಿಸುತ್ತದೆ. ಸಾವಿರಾರು ಸಾಲಿನ ಆ ಯಂತ್ರದ ಬರಹವನ್ನು ಮನುಷ್ಯರಿಗೆ ತಿಳಿಯುವಂತೆ ಬರೆಯುವುದು ಇವರ ಕೆಲಸ. ದಿನಕ್ಕೆ ಒಂದು ಪುಟವಾದರೆ ಹೆಚ್ಚು. ಬರೆದದ್ದನ್ನು ಓದಿ ಹೇಳುತ್ತಾರೆ, ಜಾನಬಿ “ಯಾಕ?” ಎಂದಲ್ಲಿ ಕೆಂಪು ಗೆರೆ ಬೀಳುತ್ತದೆ, ಮರುದಿನ ಅದೇ ಪುಟ ಮತ್ತೆ.

ಹೋದ ವರ್ಷ ಕಲ್ಲುಗಳಿಂದ ನೆಲ ತುಂಬುವ ಬಗ್ಗೆ ಒಂದು ರುಜುವಾತು ಬಂದಿತ್ತು. ಸಂದಿಲ್ಲದೆ ಕೂಡಿದ ಎರಡು ಕಲ್ಲಿನ ನಡುವೆ ಇನ್ನೊಂದನ್ನು ಇಡಬಹುದು ಎಂಬ ಸಾಲಿಗೆ ಜಾನಬಿ ನಕ್ಕರು. “ಸಂದೇ ಇಲ್ಲಂದ್ರ ಎಲ್ಲಿ ತೂರಸ್ತಿ ಬಸಮ್ಮ? ನಿನ್ನ ಕಲ್ಲಿಗಿ ಅಗಲ ಇಲ್ಲೇನು?”

ಹುಡುಕಿದರೆ, ಅಗಲ ಇರಬೇಕೆಂದು ಯಂತ್ರಕ್ಕೆ ಯಾರೂ ಹೇಳಿರಲೇ ಇಲ್ಲ. ಸೊನ್ನೆ ಅಗಲದ್ದನ್ನೂ ಅದು ಕಲ್ಲೆಂದೇ ಎಣಿಸಿತ್ತು. ತರ್ಕದಲ್ಲಿ ತಪ್ಪಿಲ್ಲ, ಸಾಧಿಸಿದ್ದು ಮಾತ್ರ ಬೇರೆಯೇ ಸಂಗತಿ. ಸಂಸ್ಥೆ ತಿದ್ದಿಕೊಂಡಿತು.

ಆದರೂ ಸಂಸ್ಥೆಯ ನೇಮಕಾತಿಯಲ್ಲಿ ಹೊಸ ರುಜುವಾತು ಕೊಟ್ಟವರಿಗೆ ಅಂಕವಿತ್ತು, ತಿಳಿಸಿ ಬರೆದವರಿಗೆ ಏನೂ ಇರಲಿಲ್ಲ. ಈ ವರ್ಷ ನಿಯಮ ಬದಲಾಯಿತು: ಒಂಬತ್ತು ವಿವರಣೆ ಬರೆದು, ಪ್ರತಿಯೊಂದಕ್ಕೂ ‘ಓದಿ ತಿಳಿದಿದ್ದೇನೆ’ ಎಂದು ಸಹಿ ಹಾಕಿಕೊಟ್ಟವರಿಗೆ ಅಲ್ಲಿ ಒಂದು ಕಾಯಂ ಹುದ್ದೆ. ಹದಿನಾಲ್ಕು ವರ್ಷದಿಂದ ಅತಿಥಿಯಾಗಿಯೇ ಇರುವ ಬಸವೇಶ್ವರಿ ಎಂಟು ಮುಗಿಸಿದ್ದಾರೆ. ಒಂಬತ್ತನೆಯದರಲ್ಲಿ ಯಂತ್ರ ಹನ್ನೆರಡು ಸಾವಿರ ಸಂದರ್ಭಗಳನ್ನು ಒಂದೊಂದಾಗಿ ನೋಡಿ ಒಂದು ಹೆಜ್ಜೆ ದಾಟಿದೆ. ಅವೆಲ್ಲ ಯಾಕೆ ಸರಿಬಂದವು ಎಂಬುದು ಮೂರು ತಿಂಗಳಾದರೂ ಅವರಿಗೆ ಹೊಳೆದಿಲ್ಲ.

“ಮಷೀನು ಸರಿ ಅಂದದಲ್ಲ, ಹಾಕಿಬಿಡು. ಯಾರ ನೋಡ್ತಾರ?” ಜಾನಬಿಯೇ ಹೇಳುತ್ತಾರೆ.

“ಸರಿ ಅದ ಅಂತ ನಂಗೂ ಗೊತ್ತದ ಖಾಲಾ. ಯಾಕ ಸರಿ ಅಂತ ನೀವೇ ಕೇಳಿದ್ರ ಏನ್ ಹೇಳ್ಲಿ?”

ಜಾನಬಿ ಚಹಾದ ಲೋಟ ಕೆಳಗಿಡುತ್ತಾರೆ. “ನಾ ಕೇಳೋದು ಬಿಡಂಗಿಲ್ಲ ನೋಡು.”

ಅವರ ಬಗ್ಗೆ ಬರೆಯಲು ಬಂದು ಕಟ್ಟೆಯ ಮೇಲೆ ಕೂತಿದ್ದ ನನ್ನತ್ತ ಬಸವೇಶ್ವರಿ ತಿರುಗುತ್ತಾರೆ. “ತಿಳೀಲಿಲ್ಲ ಅಂತ ಬರೀಲಿಕ್ಕೂ ಫಾರಂನ್ಯಾಗ ಒಂದು ಖಾನೆ ಇರಬೇಕಿತ್ರಿ. ಅಷ್ಟ ಸಾಕಿತ್ತು.”

ಸೋಮವಾರ ಗಡುವು ಮುಗಿಯಿತು. ಒಂಬತ್ತನೆಯ ವಿವರಣೆಗೆ ಅವರು ಸಹಿ ಹಾಕಲಿಲ್ಲ; ‘ಈ ಹೆಜ್ಜೆ ನನಗೆ ತಿಳಿದಿಲ್ಲ’ ಎಂದು ಬರೆದು ಕಳಿಸಿದರು. ಹುದ್ದೆ ಬೇರೆಯವರಿಗೆ ಹೋಗಿದೆ. ಮಾಸ್ತರರಿಗೆ ಕೊಟ್ಟ ಮಾತು ಉಳಿದಿದೆ.