ಎರಡು ಮೊಟ್ಟೆಯ ಕಮಲಕ್ಕ

ಕಕ್ಕಬೆಯ ಅಂಗನವಾಡಿ ಕಾರ್ಯಕರ್ತೆ ಕಮಲಕ್ಕ ಬೆಳೆಸಿದ ಮಕ್ಕಳು ಏಣಿಯಿಲ್ಲದೆ, ನೆಲದ ಮೇಲೆ ನಿಂತೇ ಸಿಲ್ವರ್ ಓಕ್ ಮರದ ತುದಿಗೆ ಹಬ್ಬಿದ ಕಾಳುಮೆಣಸು ಕೊಯ್ಯುತ್ತಾರೆ. ನಂಬದವರು ಬಂದು ನೋಡಬಹುದು. ಕತ್ತು ನೋವಿಗೆ ನಾನು ಹೊಣೆಯಲ್ಲ.

ಬೆಳಗಿನ ಆರು ಗಂಟೆ. ತಡಿಯಂಡಮೋಳ್ ಬೆಟ್ಟ ಇನ್ನೂ ಮಂಜಿನೊಳಗಿದೆ. ಕಮಲಕ್ಕ ಬುತ್ತಿ ಹಿಡಿದು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳತ್ತ ಏರುತ್ತಿದ್ದಾರೆ. ಆ ವೇಗ ಕಂಡು ಆನೆಗಳೂ ದಾರಿ ಬಿಟ್ಟು ನಿಲ್ಲುತ್ತವೆ. ಹಿಂದೆ ನನ್ನ ಏದುಸಿರು.

"ಎಂತ ಮಾರಾಯ್ರೇ, ಪೇಪರಿನವರಿಗೆ ದೇವ್ರು ಕಾಲು ಕೊಡ್ಲಿಲ್ವಾ?"

ಬುತ್ತಿ ಬಾಣಂತಿ ರಂಜಿತಾಳಿಗೆ. ಶಿರಂಗಾಲದ ಕಡೆಯಿಂದ ಕಾಫಿ ಪಿಕ್ಕಿಂಗಿಗೆ ಬಂದವಳು. ಮೊದಲ ಮಗಳು ದೀಕ್ಷಿತಾ ಹೊಟ್ಟೆಯಲ್ಲಿದ್ದಾಗ ಅರೆಹೊಟ್ಟೆಯಲ್ಲೇ ದುಡಿದಳು. ದೀಕ್ಷಿತಾಗೆ ಈಗ ನಾಲ್ಕು ತುಂಬಿದರೂ ಎತ್ತರ ಎರಡೂವರೆ ವರ್ಷದ ಮಗುವಿನದು. ರಂಜಿತಾ ಮತ್ತೆ ಬಸಿರಾದಳೆಂದು ತಿಳಿದ ದಿನವೇ ಕಮಲಕ್ಕ ಹಟ ತೊಟ್ಟರು: ಈ ಮಗು ಹಾಗಾಗಬಾರದು.

ಬಸುರಿಯರಿಗೆ ಕೊಡುವ ಊಟಕ್ಕೆಂದು ಅಂಗನವಾಡಿಗೆ ಇಳಿದು ಬಂದರೆ ರಂಜಿತಾಳ ಕೂಲಿ ಮುರಿಯುತ್ತದೆ. ಹಾಗಾಗಿ ಕಮಲಕ್ಕನೇ ಬುತ್ತಿ ಹಿಡಿದು ಹತ್ತತೊಡಗಿದರು. ಬುತ್ತಿಯ ಮೊಟ್ಟೆ ತಿಂದದ್ದಕ್ಕೆ ಮರುದಿನ ಸಿಪ್ಪೆ ತೋರಿಸಬೇಕೆಂಬ ಕಾಯಿದೆಯನ್ನೂ ಮಾಡಿದರು. ರಂಜಿತಾ ತಪ್ಪದೆ ತೋರಿಸಿದಳು. ತೂಕ ಮಾತ್ರ ಏರಲಿಲ್ಲ. ಒಂದು ಬೆಳಿಗ್ಗೆ, ಮರೆತ ಮುಚ್ಚಳಕ್ಕಾಗಿ ಹಿಂತಿರುಗಿದಾಗ ಕಮಲಕ್ಕನಿಗೆ ಕಂಡದ್ದು ದೀಕ್ಷಿತಾಳ ತುಟಿಯ ಮೇಲೆ ಮೊಟ್ಟೆಯ ಹಳದಿ ಮೀಸೆ.

"ಅವ್ಳು ನೋಡ್ತಾ ಕೂತ್ರೆ ನನ್ ಗಂಟ್ಲಲ್ಲಿ ಇಳಿಯಕಿಲ್ಲ ಕಣಕ್ಕಾ" ಎಂದು ಅತ್ತಳಂತೆ ರಂಜಿತಾ.

"ಬಯ್ಯಲಿಕ್ಕೆ ಹೋದೆ, ಬಾಯಿ ಬರ್ಲಿಲ್ಲ" ಎನ್ನುತ್ತಾರೆ ಕಮಲಕ್ಕ. "ಮಗುಗೆ ಕೊಡ್ಬೇಡ ಅಂತ ತಾಯಿಗೆ ಹೇಳ್ಲಿಕ್ಕೆ ಆಗ್ತದಾ? ಸಿಪ್ಪೆ ಕೇಳಿದ್ದು ನನ್ನದೇ ದಡ್ಡತನ."

ಮರುದಿನದಿಂದ ಎರಡು ಮೊಟ್ಟೆ. ಎರಡನೆಯದು ಕಮಲಕ್ಕನ ಮನೆಯ ಕೋಳಿಯದು. ಅದು ದಿನಕ್ಕೆ ನೂರು ಇಡುತ್ತದೆ. ತಾಯಿ, ಮಗಳು ಇಬ್ಬರೂ ನುಂಗುವವರೆಗೆ ಕಮಲಕ್ಕ ಎದುರಿಗೇ ಕೂತಿರುತ್ತಾರೆ. ರಕ್ತ ಹೆಚ್ಚಿಸುವ ಮಾತ್ರೆಯೂ ಅವರ ಕಣ್ಣೆದುರೇ ಇಳಿಯಬೇಕು.

ಲೈನ್ ಮನೆಯಲ್ಲಿ ತಿಂಗಳ ಕೂಸು ಹೊದಿಕೆ ಒದೆಯುತ್ತಿದೆ. ಕಮಲಕ್ಕ ಅದರ ಪಾದ ಹಿಡಿದು, "ಅಕ್ಕನ ಅಂಗಿ ಇವಳಿಗೆ ಬೇಗ ಗಿಡ್ಡ ಆಗ್ಲಿ, ನಂಗೆ ಅಷ್ಟು ಸಾಕು" ಎನ್ನುತ್ತಾರೆ.

ಈ ಬರಹಕ್ಕೆ ನಾನು ಬರೆದ ಮೊದಲ ಸಾಲನ್ನು ಗತ್ತಿನಿಂದ ಓದುತ್ತೇನೆ. ಕಮಲಕ್ಕ ನಗುವುದಿಲ್ಲ. ದೀಕ್ಷಿತಾಳನ್ನು ಮೆಲ್ಲಗೆ ಕರೆದು ನನ್ನ ಪಕ್ಕ ನಿಲ್ಲಿಸುತ್ತಾರೆ. ಮಗುವಿನ ನೆತ್ತಿ ನನ್ನ ಸೊಂಟಕ್ಕೂ ತಲುಪುವುದಿಲ್ಲ.

"ಈಗ ಹೇಳಿ ನೋಡುವ, ಯಾವ ಮರದ ಮೆಣಸು?"

"ಸುಳ್ಳು, ಕಮಲಕ್ಕ."

ಆನೆಯೂ ಸುಳ್ಳು, ಕೋಳಿಯ ಲೆಕ್ಕವೂ ಸುಳ್ಳು. ದೀಕ್ಷಿತಾ ಕಳೆದುಕೊಂಡ ಎತ್ತರವನ್ನು ಪೂರ್ತಿ ಮರಳಿಸುವುದು ಕಮಲಕ್ಕನಿಂದಲೂ ಆಗದು. ತಂಗಿ ಮೂರು ಕೆಜಿ ತೂಗಿ ಹುಟ್ಟಿದ್ದು ಮಾತ್ರ ನಿಜ. ಅದಕ್ಕೆ ನಾನು ಒಂದು ಗ್ರಾಂ ಕೂಡ ಸೇರಿಸಿಲ್ಲ.