ಪುರಾಣದ ಮಲ್ಲಯ್ಯ ಪಾಠ ಓದಲು ಕೂತದ್ದು

ಎಪ್ಪತ್ತರ ದಶಕದ ಮಾನ್ವಿಯಲ್ಲಿ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ, ಪುರಾಣವೆಂದರೆ ಜಂಗಮರ ಮಲ್ಲಯ್ಯ. ಎಂಥ ಕಂಠವದು! ಇವನು ಪುಸ್ತಕ ಬಿಡಿಸಿ ಪದ್ಯ ಓದಬೇಕು, ಪಕ್ಕದಲ್ಲಿ ಕೂತ ಸಿದ್ದರಾಮಪ್ಪ ಮಾಸ್ತರರು ಅರ್ಥ ಹೇಳಬೇಕು. ಇವನು ರಾಗ ಎಳೆದನೆಂದರೆ ದೇವದುರ್ಗದ ಕಡೆಯಿಂದ ಬಂದ ಬೀಗರು ಕೂಡ ಸಂಜೆಯ ಬಸ್ಸು ಬಿಟ್ಟು ಕೂತುಬಿಡುತ್ತಿದ್ದರು. ಆ ಸಂಜೆಗಳು ಈಗೆಲ್ಲಿ!

ಮಲ್ಲಯ್ಯನಿಗೆ ಓದಲು ಬರುವುದಿಲ್ಲವೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಹೋದವನೇ. ಆದರೆ ಅಕ್ಷರಗಳು ಕಣ್ಣೆದುರಿಗೇ ಕಲಸಿಹೋಗುತ್ತಿದ್ದವು. ತಂದೆ ಹಾಡುವುದನ್ನು ಕೇಳಿ ಕೇಳಿ ಇಡೀ ಪುರಾಣವನ್ನು ಬಾಯಿಪಾಠ ಮಾಡಿಕೊಂಡಿದ್ದ. ಹಾಳೆ ತಿರುವುವುದೆಲ್ಲ ಬರೀ ತೋರಿಕೆಗೆ.

ಮಗಳು ಅಂಬಮ್ಮ ಚುರುಕು, ಕೇಳಿದ ಕಥೆಯನ್ನು ಹಾಗೇ ಒಪ್ಪಿಸುವವಳು. ಪುಸ್ತಕ ಹಿಡಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ದಿನ ಅಂಗೈ ಬಾತುಕೊಂಡು ಮನೆಗೆ ಬಂದಳು. ಹಿಂದೆಯೇ ಸಿದ್ದರಾಮಪ್ಪ ಮಾಸ್ತರರ ಮಾತೂ ಬಂತು: "ಈ ಹುಡುಗಿ ತಲಿಗೆ ಏನೂ ಹತ್ತಾಂಗಿಲ್ಲ. ಸಾಲಿ ಬಿಡಿಸ್ರಿ."

ಮಲ್ಲಯ್ಯನಿಗೆ ಊಟ ಸೇರಲಿಲ್ಲ. ಸುಮ್ಮನಿದ್ದರೆ ಪುರಾಣ ಓದುವ ತನ್ನ ಗದ್ದುಗೆ ಉಳಿಯುತ್ತದೆ, ಮಗಳ ಶಾಲೆ ಹೋಗುತ್ತದೆ. ಬಾಯಿಬಿಟ್ಟರೆ ಊರಿಗೆ ಊರೇ ನಗುತ್ತದೆ. ಮರುದಿನ ಶಾಲೆಗೆ ಹೋದವನೇ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಮಗಳ ಪುಸ್ತಕ ಬಿಡಿಸಿದ.

"ನನಗೂ ಪಾಠ ಓದಸ್ರಿ ಮಾಸ್ತರ."

"ಏನ್ ಚ್ಯಾಷ್ಟಿ ಮಾಡ್ತೀರಿ ಅಯ್ಯಾರ!"

ಚ್ಯಾಷ್ಟಿಯಾಗಿರಲಿಲ್ಲ. ಮೊದಲ ಸಾಲಿನಲ್ಲೇ ಮಲ್ಲಯ್ಯ ತಡವರಿಸಿದ, ಬೆವೆತ, ನಿಂತುಬಿಟ್ಟ. ಮಕ್ಕಳು ಕಿಸಕ್ಕನೆ ನಕ್ಕರು. ಮಾಸ್ತರರು ನಗಲಿಲ್ಲ.

"ಇಷ್ಟು ವರ್ಷ ಪುಸ್ತಕ ನೋಡ್ದಂಗ ಮಾಡೀನ್ರಿ. ಅಕ್ಷರ ಒಂದೂ ಕಣ್ಣಾಗ ನಿಂದ್ರಾಂಗಿಲ್ಲ. ನನ್ನ ಮಗಳಿಗೂ ಹಂಗ ಆಗಾಕತ್ತದ. ಆಕಿ ದಡ್ಡಿ ಅಲ್ರಿ. ಹೊಡಿಬ್ಯಾಡ್ರಿ. ಓದಿ ಹೇಳ್ರಿ, ಕೇಳಿ ಕಲೀತಾಳ."

ಮಾಸ್ತರರು ಬೆತ್ತವನ್ನು ಜಂತಿಗೆ ಸಿಕ್ಕಿಸಿದರು. ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆಯೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಇಡೀ ಪುರಾಣ ಬಾಯಲ್ಲಿಟ್ಟುಕೊಂಡವನನ್ನು ದಡ್ಡ ಎನ್ನಲು ನಾಲಗೆ ಏಳಲಿಲ್ಲ. ಅಂದಿನಿಂದ ಅಂಬಮ್ಮನಿಗೆ ಪಾಠವನ್ನು ತಾವೇ ಓದಿ ಹೇಳಿದರು, ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಪಡೆದರು. ಮೊರದಲ್ಲಿ ಅಕ್ಕಿ ಹರವಿ ಒಂದೊಂದೇ ಅಕ್ಷರವನ್ನು ಬೆರಳಿನಿಂದ ತಿದ್ದಿಸಿದರು. ಅವಸರ ಮಾಡಲಿಲ್ಲ. ಹುಡುಗಿ ನಿಧಾನಕ್ಕೆ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು.

ಊರು ಸುಮ್ಮನಿರುತ್ತದೆಯೇ? ಕಳ್ಳ ಪುರಾಣಿಕ ಎಂದು ಆಡಿಕೊಂಡಿತು. ಮುಂದಿನ ಶ್ರಾವಣಕ್ಕೆ ಗದ್ದುಗೆ ಬೇರೆಯವರ ಪಾಲಾಯಿತು. ಮಲ್ಲಯ್ಯ ಮಗಳ ಜೊತೆ ಕೇಳುವವರ ನಡುವೆ ಕೂತ. ಹೊಸಬ ಪದ್ಯ ಎತ್ತಿಕೊಂಡಾಗ ಇವನ ತುಟಿಗಳೂ ಜೊತೆಗೇ ಆಡಿದವು, ಸುಳ್ಳೇಕೆ ಹೇಳಬೇಕು. ಅಂಬಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಯಪ್ಪಾ, ಸಣ್ಣವಿದ್ದಾಗ ನಿನಗೂ ಹೊಡೀತಿದ್ರೇನು?"

"ಹೊಡೀತಿದ್ರವ್ವ."

"ಆವಾಗ ಹೊಡಿಬ್ಯಾಡ್ರಿ ಅಂತ ಯಾರು ಹೇಳಿದ್ರು?"

ಮಲ್ಲಯ್ಯನ ಕಣ್ಣು ತುಂಬಿ ಬಂತು.

"ಯಾರೂ ಹೇಳಲಿಲ್ಲವ್ವ."